ಡ್ರೈವ್ ಸಿಗಲಿಲ್ಲ ಅಂತ ಬಾಗಿಲನ್ನೇ ಕಿತ್ತುಹಾಕುವುದು ಬೇಡ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಒಬ್ಬ ಓದುಗರು ಒಂದು ಪ್ರಶ್ನೆ ಕೇಳಿದ್ದರು. ಆಫೀಸಿಗೆ ಹೊಸ ಕಂಪ್ಯೂಟರ್ ಬಂದಿದೆ, ಎಲ್ಲರೂ ಬಳಸುವ ನೆಟ್‌ವರ್ಕ್ ಡ್ರೈವ್ ಅದರಲ್ಲಿ ಮಾತ್ರ ಸಿಗುತ್ತಿಲ್ಲ, ಏನು ಮಾಡಲಿ ಅಂತ. ಅದಕ್ಕೆ ಬಂದ ಉತ್ತರ ನಾಲ್ಕೇ ಸಾಲು. ಹೊರಗಿನಿಂದ ಬರುವ ಸಂಪರ್ಕ ತಡೆಯುವ ಫೈರ್‌ವಾಲ್ ಆಫ್ ಮಾಡಿ. ಎಸ್‌ಎಂಬಿ1, ಅಂದರೆ ಫೈಲ್ ಹಂಚಿಕೊಳ್ಳುವ ಹಳೆಯ ವ್ಯವಸ್ಥೆ, ಆನ್ ಮಾಡಿ. ಪಾಸ್‌ವರ್ಡ್ ಕೇಳುವ ಆಯ್ಕೆ ತೆಗೆದುಬಿಡಿ. ಫೋಲ್ಡರ್‌ನಲ್ಲಿ ‘ಎವೆರಿವನ್’ಗೆ, ಅಂದರೆ ಎಲ್ಲರಿಗೂ, ‘ಫುಲ್ ಕಂಟ್ರೋಲ್’ (ಪೂರ್ತಿ ಅಧಿಕಾರ) ಕೊಡಿ.

ಸರ್, ಹೀಗೆ ಮಾಡಿದರೆ ಡ್ರೈವ್ ಬರುತ್ತದೆ. ಬಹಳಷ್ಟು ಸಲ ಬಂದೇ ಬರುತ್ತದೆ. ನನಗೆ ಭಯ ಇರುವುದೇ ಅಲ್ಲಿ. ಬೀಗ ತೆರೆಯುತ್ತಿಲ್ಲ ಅಂದವರಿಗೆ ಬಾಗಿಲನ್ನೇ ಕಿತ್ತು ಪಕ್ಕಕ್ಕಿಡಿ ಅಂದ ಹಾಗಾಯಿತು. ನೀವು ಒಳಗೆ ಹೋಗಬಹುದು, ನಿಜ. ಆದರೆ ನಿಮ್ಮ ಹಿಂದೆ ಯಾರು ಬೇಕಾದರೂ ಬರಬಹುದು, ಅಲ್ವಾ?

ನಾನು ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಕಂಪ್ಯೂಟರ್ ಓದಿ ಬಂದವಳಲ್ಲ. ಆದರೆ ಇದೇ ನಾಲ್ಕು ಕೆಲಸವನ್ನು ನಮ್ಮ ಆಫೀಸಿನಲ್ಲಿ ಮಾಡಿದಾಗ ಏನಾಯಿತು ಅಂತ ಕಣ್ಣಾರೆ ನೋಡಿದ್ದೇನೆ. ಅದಾದ ಮೇಲೆ ಪಟ್ಟು ಹಿಡಿದು ಓದಿ, ಮಾಡಿ ನೋಡಿ, ಕಲಿತಿದ್ದೇನೆ. ಪತ್ರ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಮ್ಮಲ್ಲಿ ಒಂದು ಮೂಲೆಯಲ್ಲಿ ಒಂದು ವಿಂಡೋಸ್ ಕಂಪ್ಯೂಟರ್ ಇದೆ. ಅದರಲ್ಲಿರುವ ಒಂದು ಫೋಲ್ಡರ್ ಎಲ್ಲರಿಗೂ ಶೇರ್ ಆಗಿದೆ. ನಮ್ಮ ನಮ್ಮ ಕಂಪ್ಯೂಟರ್‌ಗಳಲ್ಲಿ ಅದು ಝಡ್ ಡ್ರೈವ್ ಅಂತ ಕಾಣಿಸುತ್ತದೆ. ಒಂದು ದಿನ ಬೆಳಿಗ್ಗೆ ಎಲ್ಲರ ಝಡ್ ಮೇಲೂ ಕೆಂಪು ಕತ್ತರಿ ಗುರುತು. ಕ್ಲಿಕ್ ಮಾಡಿದರೆ ಹಸಿರು ಪಟ್ಟಿ ಮೇಲಿನ ತುದಿಯಲ್ಲಿ ನಿಧಾನವಾಗಿ ತೆವಳುತ್ತದೆ, ಅರ್ಧ ನಿಮಿಷ ಆದ ಮೇಲೆ ನೆಟ್‌ವರ್ಕ್ ದಾರಿ ಸಿಗಲಿಲ್ಲ ಅನ್ನುವ ಸಂದೇಶ. ರಿಪೇರಿಗೆ ಬಂದವರು ಪರದೆ ನೋಡಿದರು, ಆ ಸಂದೇಶವನ್ನು ಓದದೇ ಮುಚ್ಚಿದರು, ಮೂಲೆಯ ಕಂಪ್ಯೂಟರ್ ಮುಂದೆ ಕೂತು ನಿಮ್ಮ ಅಂಕಣದಲ್ಲಿ ಬಂದ ನಾಲ್ಕೂ ಕೆಲಸವನ್ನು ಮಾಡಿದರು. ಹತ್ತು ನಿಮಿಷ. ಝಡ್ ಬಂತು. ಎಲ್ಲರಿಗೂ ಸಮಾಧಾನ ಆಯಿತು, ನನಗೂ ಆಯಿತು.

ಮೂರು ವಾರ ಆದ ಮೇಲೆ ಒಂದು ವರ್ಷದ ವೋಚರ್‌ಗಳ ಫೋಲ್ಡರ್ ಪೂರ್ತಿ ಕಾಣೆಯಾಯಿತು. ಹೊಸದಾಗಿ ಸೇರಿದ ಹುಡುಗನೊಬ್ಬ ತನ್ನ ಕೆಲಸದ ಹಳೇ ಫೈಲುಗಳನ್ನು ಅಳಿಸುತ್ತಿದ್ದ. ಪಕ್ಕದ ಫೋಲ್ಡರ್ ಕೂಡ ಸೆಲೆಕ್ಟ್ ಆಗಿತ್ತು, ಅವನು ಗಮನಿಸಲಿಲ್ಲ. ಡಿಲೀಟ್ ಒತ್ತಿದ. ಶಾಶ್ವತವಾಗಿ ಅಳಿಸಲೇ ಅಂತ ಕಂಪ್ಯೂಟರ್ ಕೇಳಿತು. ಎಸ್ ಒತ್ತಿದ. ದಿನಕ್ಕೆ ಹತ್ತಾರು ಸಲ ನಾವೆಲ್ಲ ಒತ್ತುವ ಹಾಗೇ. ಅವನನ್ನು ನಾನು ಒಂದು ಮಾತೂ ಅನ್ನಲಿಲ್ಲ. ಆ ಫೋಲ್ಡರ್ ಅಳಿಸುವ ಅಧಿಕಾರವೇ ಅವನಿಗೆ ಇರಬಾರದಿತ್ತು.

ನಾವು ಓಡಿ ಹೋಗಿ ರೀಸೈಕಲ್ ಬಿನ್ ತೆರೆದೆವು. ಅವನ ಕಂಪ್ಯೂಟರ್‌ನಲ್ಲಿ ಇಲ್ಲ, ಮೂಲೆಯ ಕಂಪ್ಯೂಟರ್‌ನಲ್ಲೂ ಇಲ್ಲ. ಆ ದಿನ ನಾನು ಕಲಿತ ಮೊದಲ ಪಾಠ ಇದು, ನಿಮ್ಮ ಓದುಗರಿಗೆ ಇದೊಂದನ್ನಾದರೂ ದಪ್ಪ ಅಕ್ಷರದಲ್ಲಿ ತಿಳಿಸಿ: ವಿಂಡೋಸ್‌ನಲ್ಲಿ ನೆಟ್‌ವರ್ಕ್ ಡ್ರೈವ್‌ನಿಂದ ಅಳಿಸಿದ ಫೈಲ್ ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ಹೋಯಿತು ಅಂದರೆ ಹೋಯಿತು. ಕೆಲವು ನ್ಯಾಸ್ ಪೆಟ್ಟಿಗೆಗಳಲ್ಲಿ, ಅಂದರೆ ನೆಟ್‌ವರ್ಕ್‌ಗೆ ಸೇರಿಸಿ ಫೈಲ್ ಇಡುವ ಯಂತ್ರಗಳಲ್ಲಿ, ಅವುಗಳದ್ದೇ ಒಂದು ಕಸದ ಬುಟ್ಟಿ ಇರುತ್ತದೆ. ಆದರೆ ಅದನ್ನು ಮೊದಲೇ ಆನ್ ಮಾಡಿರಬೇಕು. ನಮ್ಮ ಹತ್ತಿರ ಒಂದು ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಹನ್ನೊಂದು ವಾರ ಹಳೆಯ ಕಾಪಿ ಇತ್ತು. ಉಳಿದದ್ದನ್ನು ಕಾಗದ ನೋಡಿಕೊಂಡು ಮತ್ತೆ ಟೈಪ್ ಮಾಡಿದೆವು, ಸಂಜೆ ಸಂಜೆ ಕೂತು, ಹತ್ತೊಂಬತ್ತು ದಿನ.

ಇನ್ನು ಮೊದಲ ದಿನದ ತೊಂದರೆಗೆ ನಿಜವಾದ ಕಾರಣ ಏನಿತ್ತು ಗೊತ್ತಾ? ಹಿಂದಿನ ಸಂಜೆ ರೂಟರ್ ಬದಲಾಯಿಸಿದ್ದರು. ಹೊಸ ರೂಟರ್ ಬಂದರೆ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಅಂತ ತಿಳಿಯುತ್ತದೆ. ಹೊಸ ನೆಟ್‌ವರ್ಕ್ ಅಂದರೆ ಗುರುತಿಲ್ಲದ ಜಾಗ ಅಂತ ಅದನ್ನು ‘ಪಬ್ಲಿಕ್’ ಅಂತ ಇಟ್ಟುಕೊಂಡಿತ್ತು. ಪಬ್ಲಿಕ್ ಅಂದ ಮೇಲೆ ಫೈಲ್ ಹಂಚುವ ದಾರಿಯನ್ನು ಫೈರ್‌ವಾಲ್ ಮುಚ್ಚುತ್ತದೆ. ಅದು ಮಾಡಬೇಕಾದ ಕೆಲಸವೇ ಅದು. ಮೂಲೆಯ ಕಂಪ್ಯೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ತೆರೆದು ‘ಪಬ್ಲಿಕ್’ ಇದ್ದದ್ದನ್ನು ‘ಪ್ರೈವೇಟ್’ ಮಾಡಿದ್ದರೆ ಸಾಕಿತ್ತು. ಒಂದು ಕ್ಲಿಕ್. ಫೈರ್‌ವಾಲ್ ಆಫ್ ಮಾಡಿದ್ದರಿಂದ ಕೆಲಸ ಆಗಿದ್ದೂ ಅದಕ್ಕೇ. ಉಳಿದ ಮೂರಕ್ಕೂ ನಮ್ಮ ತೊಂದರೆಗೂ ಸಂಬಂಧವೇ ಇರಲಿಲ್ಲ. ಇದು ನನಗೆ ಗೊತ್ತಾಗಿದ್ದು ಫೋಲ್ಡರ್ ಹೋದ ಮೇಲೆ, ಒಂದೊಂದೇ ಸೆಟ್ಟಿಂಗ್ ತೆರೆದು ನೋಡುತ್ತಾ ಕೂತಾಗ. ‘ಪಬ್ಲಿಕ್’ ಅನ್ನುವ ಆ ಪದ ಇನ್ನೂ ಹಾಗೇ ಇತ್ತು.

ಎಸ್‌ಎಂಬಿ1 ಬಗ್ಗೆ ನನಗೆ ಜಾಸ್ತಿ ಸಿಟ್ಟು ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಸ್‌ಎಂಬಿ ಅಂದರೆ ಒಂದು ಕಂಪ್ಯೂಟರ್ ಇನ್ನೊಂದರ ಫೈಲ್ ಕೇಳುವಾಗ ಎರಡೂ ಆಡುವ ಭಾಷೆ. ಅದರ ಮೂಲ 1980ರ ದಶಕದ ಐಬಿಎಂನಲ್ಲಿದೆ. ಆ ಕಾಲಕ್ಕೆ ನೆಟ್‌ವರ್ಕ್ ಅಂದರೆ ಒಂದೇ ಕೋಣೆಯ ನಾಲ್ಕಾರು ಯಂತ್ರಗಳು, ಮೋಸ ಮಾಡುವವರು ಒಳಗೆ ಬರುತ್ತಾರೆ ಅನ್ನುವ ಯೋಚನೆಯೇ ಕಡಿಮೆ. ಎರಡನೇ ಆವೃತ್ತಿ ವಿಂಡೋಸ್ ವಿಸ್ಟಾ ಜೊತೆ ಬಂತು. ಮೂರನೆಯದು 2012ರಲ್ಲಿ ವಿಂಡೋಸ್ 8 ಜೊತೆ ಬಂತು, ಅದರಲ್ಲಿ ಓಡಾಡುವ ಫೈಲನ್ನು ಗುಪ್ತಲಿಪಿಗೆ ತಿರುಗಿಸುವ ವ್ಯವಸ್ಥೆಯೂ ಇದೆ. ಮೊದಲನೆಯದರಲ್ಲಿ ಇದು ಯಾವುದೂ ಇಲ್ಲ. 2016ರಲ್ಲೇ ಮೈಕ್ರೋಸಾಫ್ಟ್‌ನಲ್ಲಿ ಇದೇ ಕೆಲಸ ನೋಡಿಕೊಳ್ಳುತ್ತಿದ್ದ ನೆಡ್ ಪೈಲ್ ಇದನ್ನು ಬಳಸುವುದನ್ನು ನಿಲ್ಲಿಸಿ ಅಂತ ಎಲ್ಲರಿಗೂ ಕಾಣುವಂತೆ ಬರೆದಿದ್ದರು.

2017ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಎಸ್‌ಎಂಬಿ1ರಲ್ಲಿದ್ದ ಒಂದು ದೊಡ್ಡ ತೂತಿಗೆ ತೇಪೆ ಹಾಕಿತು. ತುಂಬಾ ಜನ ಆ ಅಪ್‌ಡೇಟ್ ಹಾಕಿಕೊಳ್ಳಲಿಲ್ಲ. ಎರಡು ತಿಂಗಳು ಕಳೆಯಿತು. ಮೇ 12ರಂದು ವನ್ನಾಕ್ರೈ ಅನ್ನುವ ವೈರಸ್ ಬಂತು. ಅದೇ ತೂತಿನಿಂದ ನುಗ್ಗಿ, ಯಾರೂ ಏನನ್ನೂ ಕ್ಲಿಕ್ ಮಾಡದೆಯೇ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ತಾನೇ ಹರಿದುಕೊಂಡು ಹೋಗಿ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಸುಮಾರು 150 ದೇಶ. ಎರಡು ಲಕ್ಷಕ್ಕಿಂತ ಜಾಸ್ತಿ ಕಂಪ್ಯೂಟರ್. ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸುವ ಪರಿಸ್ಥಿತಿ ಬಂತು. ಅದೇ ವರ್ಷದ ಕೊನೆಯಿಂದ, ವಿಂಡೋಸ್ 10ರ 1709 ಆವೃತ್ತಿಯಿಂದ ಆಚೆಗೆ, ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಎಸ್‌ಎಂಬಿ1ರಲ್ಲಿ ಫೈಲ್ ಹಂಚುವ ಭಾಗ ತಾನಾಗಿ ಬರುವುದಿಲ್ಲ. ವಿಂಡೋಸ್ ಒಂದೇ ಅಲ್ಲ. ಲಿನಕ್ಸ್ ಯಂತ್ರಗಳು, ಬಹುಪಾಲು ನ್ಯಾಸ್ ಪೆಟ್ಟಿಗೆಗಳು ಬಳಸುವ ಸಾಂಬಾ ಅನ್ನುವ ಫೈಲ್ ಹಂಚುವ ಸಾಫ್ಟ್‌ವೇರ್ ಕೂಡ 2019ರಲ್ಲಿ ಅದನ್ನು ಮೊದಲಿಂದಲೇ ಆಫ್ ಇರುವಂತೆ ಬದಲಾಯಿಸಿತು. ಇಷ್ಟು ಜನ ಸೇರಿ ಮುಚ್ಚಿದ ಬಾಗಿಲನ್ನು ತೆರೆಯಿರಿ ಅಂತ ನಾವು ಪತ್ರಿಕೆಯಲ್ಲಿ ಅಚ್ಚು ಹಾಕಬಾರದು ಸರ್.

ಆನ್ ಮಾಡಿ ಅನ್ನುವವರಿಗೂ ಒಂದು ಕಾರಣ ಇರುತ್ತದೆ, ಅದನ್ನೂ ಒಪ್ಪುತ್ತೇನೆ. ಸಾಮಾನ್ಯವಾಗಿ ಅದು ಹಳೆಯ ಝೆರಾಕ್ಸ್ ಯಂತ್ರ. ಸ್ಕ್ಯಾನ್ ಮಾಡಿದ್ದನ್ನು ನೇರವಾಗಿ ಫೋಲ್ಡರ್‌ಗೆ ಕಳಿಸುವ ಯಂತ್ರಗಳಲ್ಲಿ ಹಳೆಯವು ಎಸ್‌ಎಂಬಿ1 ಬಿಟ್ಟು ಬೇರೆ ಭಾಷೆ ಅರಿಯವು. ಅಥವಾ ಎಷ್ಟೋ ವರ್ಷ ಹಿಂದಿನ ನ್ಯಾಸ್. ಮೊದಲು ಆ ಯಂತ್ರದ ಫರ್ಮ್‌ವೇರ್, ಅಂದರೆ ಅದರೊಳಗಿನ ಸಾಫ್ಟ್‌ವೇರ್, ಅದಕ್ಕೆ ಅಪ್‌ಡೇಟ್ ಇದೆಯಾ ನೋಡಿ. ಎಷ್ಟೋ ಸಲ ಅದರ ಮೆನುವಿನಲ್ಲೇ ಎಸ್‌ಎಂಬಿ2 ಅಥವಾ 3 ಆರಿಸುವ ಜಾಗ ಇರುತ್ತದೆ, ಯಾರೂ ನೋಡಿರುವುದಿಲ್ಲ ಅಷ್ಟೇ. ಇಲ್ಲ ಅಂದರೆ ಸ್ಕ್ಯಾನನ್ನು ಈಮೇಲ್‌ಗೆ ಕಳಿಸಿ, ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಒಂದು ಯಂತ್ರಕ್ಕೋಸ್ಕರ ಎಲ್ಲ ಕಂಪ್ಯೂಟರ್‌ಗಳನ್ನೂ ನಲವತ್ತು ವರ್ಷ ಹಿಂದಕ್ಕೆ ಎಳೆಯುವುದು ಬೇಡ.

ಹಾಗಾದರೆ ಡ್ರೈವ್ ಸಿಗದಿದ್ದಾಗ ಏನು ಮಾಡಬೇಕು? ನಿಮ್ಮ ಓದುಗರು ಕೇಳಿದ್ದು ಅದನ್ನೇ ತಾನೇ. ನಾನು ಮಾಡುವುದು ಹೀಗೆ. ಮೊದಲು ಎಲ್ಲಿ ನಿಂತಿದೆ ಅಂತ ಹುಡುಕುತ್ತೇನೆ. ಆ ಕಂಪ್ಯೂಟರ್ ಸಿಗುತ್ತಿಲ್ಲವಾ? ಸಿಕ್ಕಿದೆ, ಆದರೆ ನಾನು ಯಾರು ಅಂತ ಅದು ಒಪ್ಪುತ್ತಿಲ್ಲವಾ? ನನ್ನ ಗುರುತು ಒಪ್ಪಿದೆ, ಆದರೆ ಆ ಫೋಲ್ಡರ್ ನನಗಲ್ಲ ಅನ್ನುತ್ತಿದೆಯಾ? ಈ ಮೂರೂ ಬೇರೆ ಬೇರೆ ತೊಂದರೆ, ಮದ್ದೂ ಬೇರೆ. ಯಾವುದು ಅಂತ ಕಂಪ್ಯೂಟರ್ ತಾನೇ ಹೇಳುತ್ತದೆ, ನಾವು ಆ ಸಂದೇಶವನ್ನು ಓದದೇ ಮುಚ್ಚುತ್ತೇವೆ.

ಒಂದು ಸಣ್ಣ ಉಪಾಯ. ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ) ತೆರೆದು ‘ನೆಟ್ ಯೂಸ್’ (net use) ಅನ್ನುವ ಆದೇಶ ಟೈಪ್ ಮಾಡಿ, ಅದರ ಮುಂದೆ ಡ್ರೈವ್ ಅಕ್ಷರ, ಒಂದು ಕೋಲನ್, ಆಮೇಲೆ ಫೋಲ್ಡರ್‌ನ ವಿಳಾಸ (ಅದನ್ನು ಬರೆಯುವ ರೀತಿ ಮುಂದೆ ಹೇಳುತ್ತೇನೆ). ಮೌಸ್‌ನಲ್ಲಿ ಮಾಡಿದರೆ ಬರುವ ಉದ್ದುದ್ದ ಸಂದೇಶದ ಬದಲು ಇಲ್ಲಿ ಒಂದು ನಂಬರ್ ಬರುತ್ತದೆ. 53 ಬಂದರೆ ದಾರಿಯೇ ಸಿಗಲಿಲ್ಲ ಅಂತ. 67 ಬಂದರೆ ಹೆಚ್ಚಾಗಿ ಫೋಲ್ಡರ್‌ನ ಶೇರ್ ಹೆಸರು ತಪ್ಪಿದೆ ಅಂತ. 86 ಅಥವಾ 1326 ಬಂದರೆ ಹೆಸರು, ಪಾಸ್‌ವರ್ಡ್ ಸರಿಯಿಲ್ಲ. 5 ಬಂದರೆ ಅನುಮತಿ ಇಲ್ಲ. 85 ಅಂದರೆ ಆ ಡ್ರೈವ್ ಅಕ್ಷರ ಆಗಲೇ ಬಳಕೆಯಲ್ಲಿದೆ, ಬೇರೆ ಅಕ್ಷರ ಕೊಡಿ ಅಷ್ಟೇ. ನಾನು ಇದನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿದ್ದೇನೆ.

53 ಬಂದಾಗ ಎಕ್ಸ್‌ಪ್ಲೋರರ್‌ನ ಎಡಗಡೆ ‘ನೆಟ್‌ವರ್ಕ್’ ಅಂತ ಇರುವ ಜಾಗವನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ಕಂಪ್ಯೂಟರ್‌ನ ಹೆಸರು ಕಾಣಿಸದಿದ್ದರೂ ಡ್ರೈವ್ ಸಿಗಬಹುದು. ಆ ಪಟ್ಟಿ ತುಂಬುವುದೇ ಬೇರೆ ರೀತಿ, ಹಳೇ ಪಟ್ಟಿ ಮಾಡುವ ಪದ್ಧತಿ ಎಸ್‌ಎಂಬಿ1 ಜೊತೆಗೇ ಹೋಯಿತು. ಪಟ್ಟಿಯಲ್ಲಿ ಕಾಣಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಎಷ್ಟು ಜನ ಎಸ್‌ಎಂಬಿ1 ಆನ್ ಮಾಡುತ್ತಾರೋ! ಅದರ ಬದಲು ಮೇಲಿನ ವಿಳಾಸ ಪಟ್ಟಿಯಲ್ಲಿ ನೇರವಾಗಿ ಬರೆಯಿರಿ. ಎರಡು ಹಿಂಗೆರೆ, ಕಂಪ್ಯೂಟರ್‌ನ ಹೆಸರು, ಇನ್ನೊಂದು ಹಿಂಗೆರೆ, ಶೇರ್‌ನ ಹೆಸರು. ಹೀಗೆ: \\ಆಫೀಸ್\ಲೆಕ್ಕ. ಗೆರೆ ಯಾವ ಕಡೆ ವಾಲಿದೆ ಅಂತ ನೋಡಿಕೊಳ್ಳಿ, ಎಂಟರ್ ಕೀ ಹತ್ತಿರ ಇರುವ ಗೆರೆ ಅದು. ಶೇರ್‌ನ ಹೆಸರು ಅಂದರೆ ಫೋಲ್ಡರ್‌ನ ಹೆಸರೇ ಆಗಿರಬೇಕಿಲ್ಲ, ಹಂಚುವಾಗ ಕೊಟ್ಟ ಹೆಸರು.

ಹೆಸರಿನಿಂದ ಸಿಗಲಿಲ್ಲ, ಆದರೆ ಐಪಿ ನಂಬರ್ (ರೂಟರ್ ಆ ಕಂಪ್ಯೂಟರ್‌ಗೆ ಕೊಟ್ಟಿರುವ ಸಂಖ್ಯೆ) ಹಾಕಿದರೆ ಸಿಕ್ಕಿತು ಅಂದರೆ ತೊಂದರೆ ಹೆಸರು ಹುಡುಕುವುದರಲ್ಲಿ ಇದೆ, ಡ್ರೈವ್‌ನಲ್ಲಿ ಇಲ್ಲ. ಆಗ ಐಪಿ ನಂಬರ್‌ನಲ್ಲೇ ಮ್ಯಾಪ್ ಮಾಡಿ, ಅಂದರೆ ಡ್ರೈವ್ ಅಕ್ಷರಕ್ಕೆ ಜೋಡಿಸಿ, ಕೈತೊಳೆದುಕೊಳ್ಳಬೇಡಿ. ರೂಟರ್ ಆ ನಂಬರನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು, ಕರೆಂಟ್ ಹೋಗಿ ಬಂದ ಮೇಲೆ ಬೇರೆ ನಂಬರ್ ಕೊಡಬಹುದು. ರೂಟರ್‌ನ ಪುಟದಲ್ಲಿ ಆ ಕಂಪ್ಯೂಟರ್‌ಗೆ ಒಂದು ನಂಬರನ್ನು ಕಾಯ್ದಿರಿಸುವ ಜಾಗ ಇರುತ್ತದೆ, ಒಂದು ಸಲ ಮಾಡಿಟ್ಟರೆ ಆಯಿತು. ಎರಡೂ ರೀತಿಯಲ್ಲೂ ಸಿಗಲಿಲ್ಲವಾ? ಹಂಚುವ ಕಂಪ್ಯೂಟರ್ ಆನ್ ಇದೆಯಾ ಅಥವಾ ನಿದ್ದೆಗೆ ಹೋಗಿದೆಯಾ ನೋಡಿ, ಎರಡೂ ಒಂದೇ ರೂಟರ್‌ಗೆ ಸೇರಿವೆಯಾ ನೋಡಿ. ವೈಫೈ ‘ಗೆಸ್ಟ್’ ನೆಟ್‌ವರ್ಕ್‌ನಲ್ಲಿ ಕೂತಿದ್ದರೆ ಸಿಗುವುದಿಲ್ಲ, ಅದನ್ನು ಮಾಡಿರುವುದೇ ಹಾಗೆ. ಆಮೇಲೆ ನಾನು ಹೇಳಿದ ಪಬ್ಲಿಕ್, ಪ್ರೈವೇಟ್.

ಗುರುತಿನ ತೊಂದರೆ ಇದಕ್ಕಿಂತ ಜಾಸ್ತಿ ಕಾಡುತ್ತದೆ. ಹೆಸರು, ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಬಂದಾಗ ಜನ ತಮ್ಮ ಪಿನ್ ಹಾಕುತ್ತಾರೆ. ಬೆಳಿಗ್ಗೆ ಕಂಪ್ಯೂಟರ್ ತೆರೆಯುವಾಗ ಹಾಕುವ ನಾಲ್ಕಂಕಿ ಇದೆಯಲ್ಲ, ಅದು. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ. ನೆಟ್‌ವರ್ಕ್‌ನಲ್ಲಿ ಅದು ನಡೆಯುವುದಿಲ್ಲ. ಅಕೌಂಟ್‌ನ ನಿಜವಾದ ಪಾಸ್‌ವರ್ಡ್ ಬೇಕು. ಅದೂ ಯಾರ ಪಾಸ್‌ವರ್ಡ್? ನಿಮ್ಮ ಕಂಪ್ಯೂಟರ್‌ನದ್ದಲ್ಲ, ಫೋಲ್ಡರ್ ಇರುವ ಕಂಪ್ಯೂಟರ್‌ನಲ್ಲಿ ನಿಮಗೆ ಮಾಡಿಕೊಟ್ಟ ಅಕೌಂಟ್‌ನದ್ದು. ಹೆಸರು ಬರೆಯುವಾಗ ಮೊದಲು ಆ ಕಂಪ್ಯೂಟರ್‌ನ ಹೆಸರು, ಒಂದು ಹಿಂಗೆರೆ, ಆಮೇಲೆ ಅಕೌಂಟ್‌ನ ಹೆಸರು ಬರೆದರೆ ಗೊಂದಲ ಇರುವುದಿಲ್ಲ. ನಮ್ಮ ಆಫೀಸಿನಲ್ಲಿ ಒಬ್ಬರು ಎರಡು ದಿನ ಪಿನ್ ಹಾಕಿ ಹಾಕಿ ಸುಸ್ತಾಗಿ, ಡ್ರೈವ್ ಕೆಟ್ಟಿದೆ ಅಂತಲೇ ತೀರ್ಮಾನ ಮಾಡಿದ್ದರು. ಪಕ್ಕದಲ್ಲಿ ಕೂತು ನೋಡಿದ್ದಕ್ಕೆ ಗೊತ್ತಾಯಿತು.

ಪಾಸ್‌ವರ್ಡೇ ಇಲ್ಲದ ಅಕೌಂಟ್ ಇದ್ದರೂ ಇದೇ ಕಥೆ. ಪಾಸ್‌ವರ್ಡ್ ಖಾಲಿ ಇರುವ ಅಕೌಂಟ್ ಯಂತ್ರದ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕ್‌ನಿಂದ ಬಂದವರನ್ನು ವಿಂಡೋಸ್ ಒಳಗೆ ಬಿಡುವುದಿಲ್ಲ. ನಿಮ್ಮ ವಿಂಡೋಸ್ ಹಳೆಯ ಪಾಸ್‌ವರ್ಡ್ ನೆನಪಿಟ್ಟುಕೊಂಡು ಸುಮ್ನೆ ಮತ್ತೆ ಮತ್ತೆ ಅದನ್ನೇ ಕಳಿಸುವುದೂ ಉಂಟು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ ಅಂತ ಇದೆ, ಅದರೊಳಗೆ ಹೋಗಿ ಆ ಕಂಪ್ಯೂಟರ್‌ನ ಹೆಸರಿನಲ್ಲಿ ಉಳಿದಿರುವುದನ್ನು ತೆಗೆದು ಹೊಸದಾಗಿ ಹಾಕಿದರೆ ಸರಿಹೋಗುತ್ತದೆ. 1219 ಅಂತ ನಂಬರ್ ಬಂದರೆ ನೀವು ಆಗಲೇ ಬೇರೆ ಹೆಸರಿನಲ್ಲಿ ಅದೇ ಕಂಪ್ಯೂಟರ್ ಒಳಗೆ ಇದ್ದೀರಿ ಅಂತ ಅರ್ಥ. ಒಂದೇ ಯಂತ್ರಕ್ಕೆ ಒಬ್ಬರೇ ಎರಡು ಹೆಸರಿನಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ. ಹಳೆಯ ಸಂಪರ್ಕ ಕಡಿದು ಮತ್ತೆ ಸೇರಿಸಿ.

ಇಲ್ಲಿ ಇನ್ನೊಂದು ಮಾತು, ಏಕೆಂದರೆ ನಿಮ್ಮ ಓದುಗರದ್ದು ಹೊಸ ಕಂಪ್ಯೂಟರ್. ನಿಜವಾದ ಕಾರಣ ಇದೇ ಇರಬಹುದು ಅಂತ ನನಗೆ ಅನ್ನಿಸುತ್ತದೆ. 2024ರ ಅಕ್ಟೋಬರ್‌ನಿಂದ ಜನರಿಗೆ ಸಿಗುತ್ತಿರುವ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಎರಡು ಬದಲಾವಣೆ ಆಗಿದೆ. ಪ್ರೊ ಆವೃತ್ತಿಯಲ್ಲಿ ಹೆಸರು, ಪಾಸ್‌ವರ್ಡ್ ಇಲ್ಲದೆ ‘ಗೆಸ್ಟ್’ ಆಗಿ ಒಳಗೆ ಹೋಗುವುದನ್ನು ನಿಲ್ಲಿಸಿದ್ದಾರೆ. ಜೊತೆಗೆ ಪ್ರತಿ ಸಂದೇಶಕ್ಕೂ ಸಹಿ ಇರಲೇಬೇಕು, ಅಂದರೆ ಮಧ್ಯದಲ್ಲಿ ಯಾರೂ ಬದಲಾಯಿಸಿಲ್ಲ ಅನ್ನುವ ಖಾತರಿ. ಹಳೇ ಕಂಪ್ಯೂಟರ್‌ಗಳಿಗೆ ಡ್ರೈವ್ ಸಿಗುತ್ತದೆ, ಹೊಸದಕ್ಕೆ ಮಾತ್ರ ಇಲ್ಲ ಅಂದರೆ ಮೊದಲು ಇದನ್ನು ಅನುಮಾನಿಸಬೇಕು. ಮದ್ದು ಸುಲಭ. ಹಂಚುವ ಯಂತ್ರದಲ್ಲಿ ಆ ಉದ್ಯೋಗಿಗೆ ಒಂದು ಅಕೌಂಟ್, ಗಟ್ಟಿ ಪಾಸ್‌ವರ್ಡ್. ನ್ಯಾಸ್ ಆಗಿದ್ದರೆ ಅದರ ಸಾಫ್ಟ್‌ವೇರ್ ಅಪ್‌ಡೇಟ್. ನಿಮ್ಮ ಅಂಕಣ ಹೇಳಿದ ಹಾಗೆ ಪಾಸ್‌ವರ್ಡ್ ತೆಗೆದುಹಾಕಿದರೆ ಈ ಹೊಸ ಕಂಪ್ಯೂಟರ್‌ನಲ್ಲಿ ಕೆಲಸ ಇನ್ನೂ ಕೆಡುತ್ತದೆ.

ಅನುಮತಿಯ ವಿಷಯಕ್ಕೆ ಬರುತ್ತೇನೆ, ನಮ್ಮ ವೋಚರ್‌ಗಳು ಹೋಗಿದ್ದು ಇಲ್ಲೇ. ವಿಂಡೋಸ್‌ನಲ್ಲಿ ಒಂದು ಹಂಚಿದ ಫೋಲ್ಡರ್‌ಗೆ ಎರಡು ಕಡೆ ಅನುಮತಿ ಇರುತ್ತದೆ. ಪ್ರಾಪರ್ಟೀಸ್ ತೆರೆದರೆ ‘ಶೇರಿಂಗ್’ ಅಂತ ಒಂದು, ‘ಸೆಕ್ಯೂರಿಟಿ’ ಅಂತ ಇನ್ನೊಂದು. ನೆಟ್‌ವರ್ಕ್‌ನಿಂದ ಬಂದವರಿಗೆ ಎರಡರಲ್ಲಿ ಯಾವುದು ಬಿಗಿಯೋ ಅದೇ ಅನ್ವಯ. ಒಂದರಲ್ಲಿ ಎಲ್ಲ ಅನುಮತಿ ಕೊಟ್ಟು, ಇನ್ನೊಂದರಲ್ಲಿ ಓದಲು ಮಾತ್ರ ಬಿಟ್ಟರೆ ಓದಲು ಮಾತ್ರ ಆಗುತ್ತದೆ. ಇದು ಗೊತ್ತಿಲ್ಲದೆ ಒಂದು ಕಡೆ ಕೊಟ್ಟು, ಆಗಲಿಲ್ಲ ಅಂತ ಸಿಟ್ಟಾಗಿ, ಎರಡೂ ಕಡೆ ಎವೆರಿವನ್‌ಗೆ ಫುಲ್ ಕಂಟ್ರೋಲ್ ಕೊಟ್ಟುಬಿಡುತ್ತಾರೆ. ಫುಲ್ ಕಂಟ್ರೋಲ್ ಅಂದರೆ ಫೈಲ್ ಅಳಿಸುವುದಷ್ಟೇ ಅಲ್ಲ, ಯಾರಿಗೆ ಯಾವ ಅನುಮತಿ ಅನ್ನುವುದನ್ನೇ ಬದಲಾಯಿಸುವ ಅಧಿಕಾರ. ದಿನದ ಕೆಲಸಕ್ಕೆ ಯಾರಿಗೂ ಅದು ಬೇಡ. ಬರೆಯುವವರಿಗೆ ‘ಮಾಡಿಫೈ’ ಸಾಕು, ನೋಡುವವರಿಗೆ ‘ರೀಡ್’ ಸಾಕು. ನಾವು ಈಗ ಮುಗಿದ ವರ್ಷಗಳ ಫೋಲ್ಡರ್‌ಗಳನ್ನೆಲ್ಲ ಎಲ್ಲರಿಗೂ ರೀಡ್ ಮಾತ್ರ ಮಾಡಿದ್ದೇವೆ, ನನಗೂ ಸೇರಿ. ಹಳೇ ವರ್ಷದ ವೋಚರ್ ತಿದ್ದುವ ಕೆಲಸ ನನಗೇಕೆ ಬೇಕು?

ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್‌ಗಳಿಗೂ ಇದಕ್ಕೂ ನೇರ ಸಂಬಂಧ ಇದೆ. ನನ್ನ ಕಂಪ್ಯೂಟರ್‌ಗೆ ಅಂಥದ್ದು ಹೊಕ್ಕರೆ ಝಡ್ ಡ್ರೈವ್‌ನಲ್ಲಿ ನಾನು ಏನನ್ನು ಬದಲಾಯಿಸಬಹುದೋ ಅದೂ ಬದಲಾಯಿಸಬಲ್ಲದು. ನನಗೆ ಓದುವ ಅನುಮತಿ ಮಾತ್ರ ಇದ್ದ ಕಡೆ, ನನ್ನ ಹೆಸರಿನಲ್ಲಿ ಬಂದ ವೈರಸ್ಸಿಗೂ ಬರೆಯಲು ಆಗುವುದಿಲ್ಲ. ಅದಕ್ಕೇ ಬ್ಯಾಕಪ್ ಡಿಸ್ಕನ್ನೂ ಇನ್ನೊಂದು ನೆಟ್‌ವರ್ಕ್ ಡ್ರೈವ್ ಅಂತ ಸದಾ ಸೇರಿಸಿಟ್ಟುಕೊಳ್ಳಬಾರದು. ಝಡ್‌ನಲ್ಲಿ ಹಾಕಿದ್ದೇನೆ, ಬ್ಯಾಕಪ್ ಆಯಿತು ಅನ್ನುವ ಮಾತು ನಾನು ಎಷ್ಟು ಸಲ ಕೇಳಿದ್ದೇನೋ. ಝಡ್ ಅನ್ನುವುದು ಎಲ್ಲರೂ ಕೆಲಸ ಮಾಡುವ ಜಾಗ, ಕಾಪಿ ಅಲ್ಲ. ಕಾಪಿ ಅಂದರೆ ಬೇರೆ ಡಿಸ್ಕ್, ತೆಗೆದುಕೊಂಡು ಮುಗಿದ ಮೇಲೆ ಕೇಬಲ್ ಕಿತ್ತು ಬೇರೆ ಕಡೆ ಇಡುವಂಥದ್ದು. ನಾವು ಈಗ ವಾರಕ್ಕೊಂದು ಸಲ ತೆಗೆಯುತ್ತೇವೆ. ತಿಂಗಳಿಗೊಂದು ಸಲ ಅದರಿಂದ ಒಂದು ಫೈಲ್ ತೆರೆದು, ಸರಿ ಇದೆಯಾ ಅಂತ ನೋಡುತ್ತೇವೆ.

ಕೆಂಪು ಕತ್ತರಿ ಗುರುತಿಗೆ ಹೆದರಬೇಡಿ ಅಂತಲೂ ಓದುಗರಿಗೆ ಹೇಳಬೇಕು. ಲಾಗಿನ್ ಆದ ತಕ್ಷಣ ಬರುವ ಗುರುತಿಗೆ ಹೆಚ್ಚಾಗಿ ವೈಫೈ ಕಾರಣ. ವಿಂಡೋಸ್ ಡ್ರೈವ್ ಹುಡುಕಲು ಹೋದಾಗ ವೈಫೈ ಇನ್ನೂ ಸೇರಿರುವುದಿಲ್ಲ. ಒಂದು ನಿಮಿಷ ಬಿಟ್ಟು ಡಬಲ್ ಕ್ಲಿಕ್ ಮಾಡಿದರೆ ತೆರೆಯುತ್ತದೆ. ಸ್ವಲ್ಪ ಹೊತ್ತು ಬಳಸದಿದ್ದರೂ, ವಿಂಡೋಸ್‌ನಲ್ಲಿ ಸಾಮಾನ್ಯವಾಗಿ 15 ನಿಮಿಷ, ಆ ಕಡೆಯ ಯಂತ್ರ ಸಂಪರ್ಕ ಕಡಿದುಕೊಳ್ಳುತ್ತದೆ, ಕ್ಲಿಕ್ ಮಾಡಿದರೆ ಮತ್ತೆ ಸೇರಿಕೊಳ್ಳುತ್ತದೆ. ಇದಕ್ಕೆಲ್ಲ ರಿಪೇರಿಯವರನ್ನು ಕರೆಯಬೇಕಿಲ್ಲ. ಆದರೆ ಮ್ಯಾಪ್ ಮಾಡುವಾಗ ಲಾಗಿನ್ ಆದಾಗ ಮತ್ತೆ ಸೇರಿಸು ಅನ್ನುವ ಟಿಕ್ ಹಾಕಿರಬೇಕು. ಇನ್ನೊಂದು ವಿಚಿತ್ರ ಇದೆ: ಒಂದು ಪ್ರೋಗ್ರಾಂ ಅನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಅಂತ ತೆರೆದರೆ ಅದಕ್ಕೆ ಝಡ್ ಕಾಣಿಸದೇ ಹೋಗಬಹುದು. ನಮ್ಮ ಲೆಕ್ಕದ ಸಾಫ್ಟ್‌ವೇರ್ ಹೀಗೇ ಮಾಡುತ್ತಿತ್ತು. ಅಂಥ ಕಡೆ ಝಡ್ ಅನ್ನುವ ಬದಲು ಎರಡು ಹಿಂಗೆರೆಯ ಪೂರ್ತಿ ವಿಳಾಸವನ್ನೇ ಕೊಟ್ಟರೆ ನಡೆಯುತ್ತದೆ.

ಮ್ಯಾಕ್‌ನವರಿಗೆ ದಾರಿ ಬೇರೆ, ಕಷ್ಟ ಏನಿಲ್ಲ. ಫೈಂಡರ್‌ನಲ್ಲಿ ಕಮಾಂಡ್ ಮತ್ತು ಕೆ ಒಟ್ಟಿಗೆ ಒತ್ತಿ, ಎಸ್‌ಎಂಬಿ ಅಂತ ಬರೆದು ಕೋಲನ್, ಎರಡು ಮುಂಗೆರೆ (smb://), ಆಮೇಲೆ ಕಂಪ್ಯೂಟರ್ ಹೆಸರು. 2013ರಿಂದ ಮ್ಯಾಕ್ ಕೂಡ ಎಸ್‌ಎಂಬಿಯನ್ನೇ ಮೊದಲ ಆಯ್ಕೆಯಾಗಿ ಬಳಸುತ್ತಿದೆ. ಲಿನಕ್ಸ್‌ನ ಫೈಲ್ ಮ್ಯಾನೇಜರ್‌ನಲ್ಲೂ ಅದೇ ವಿಳಾಸ ನಡೆಯುತ್ತದೆ. ಅದಕ್ಕೆ ಕಾರಣ 1990ರ ದಶಕದ ಮೊದಲಲ್ಲಿ ಆಸ್ಟ್ರೇಲಿಯಾದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್. ಎರಡು ಬೇರೆ ಜಾತಿಯ ಯಂತ್ರಗಳು ಏನು ಮಾತಾಡುತ್ತವೆ ಅಂತ ತಂತಿಯ ಮೇಲೆ ಕಿವಿಗೊಟ್ಟು ಕೇಳಿ, ಆ ಭಾಷೆಯನ್ನು ಬಿಡಿಸಿ ಸಾಂಬಾ ಬರೆದು, ಎಲ್ಲರಿಗೂ ಉಚಿತವಾಗಿ ಬಿಟ್ಟರು. ಇವತ್ತು ಮೂರೂ ಬಗೆಯ ಕಂಪ್ಯೂಟರ್‌ಗಳು ಒಂದೇ ಫೋಲ್ಡರ್ ಹಂಚಿಕೊಳ್ಳುತ್ತವೆ ಅಂದರೆ ಅದರಲ್ಲಿ ಅವರ ಪಾಲು ದೊಡ್ಡದು.

ಮನೆಯಿಂದ ಆಫೀಸಿನ ಡ್ರೈವ್ ಬೇಕು ಅಂತ ಮುಂದಿನ ವಾರ ಯಾರಾದರೂ ಕೇಳಿಯೇ ಕೇಳುತ್ತಾರೆ. ರೂಟರ್‌ನಲ್ಲಿ 445ನೇ ಪೋರ್ಟ್ ತೆರೆಯಿರಿ ಅಂತ ದಯವಿಟ್ಟು ಹೇಳಬೇಡಿ. ಎಸ್‌ಎಂಬಿ ಮಾತಾಡುವುದು ಅಲ್ಲಿ, ಆ ಬಾಗಿಲನ್ನು ಇಂಟರ್‌ನೆಟ್‌ಗೆ ತೆರೆದರೆ ತಟ್ಟುವವರು ಕಾಯುತ್ತಲೇ ಇರುತ್ತಾರೆ. ವಿಪಿಎನ್, ಅಂದರೆ ಮನೆಯಿಂದ ಆಫೀಸಿನ ನೆಟ್‌ವರ್ಕ್‌ಗೆ ಸುರಕ್ಷಿತವಾಗಿ ಸೇರುವ ದಾರಿ, ಹಾಕಿಸಿಕೊಳ್ಳಿ ಅನ್ನಿ.

ನನ್ನ ಕೋರಿಕೆ ಎರಡೇ. ಆ ಉತ್ತರ ಬಂದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕಿ. ಇನ್ನು ಮುಂದೆ ಇಂಥ ಪ್ರಶ್ನೆ ಬಂದರೆ ಉತ್ತರ ಕೊಡುವ ಮೊದಲು ಪರದೆಯ ಮೇಲೆ ಯಾವ ಸಂದೇಶ ಬಂತು, ಯಾವ ನಂಬರ್ ಬಂತು ಅಂತ ಓದುಗರನ್ನು ಕೇಳಿ.

ಕಳೆದ ವಾರದ ಅಂಕಣ ಓದಿ ಆಗಲೇ ಎಲ್ಲ ತೆರೆದಿಟ್ಟವರು ಇದ್ದರೆ, ಅವರಿಗಾಗಿ ಇದನ್ನೂ ಸೇರಿಸಿ. ಇವತ್ತೇ ಫೈರ್‌ವಾಲ್ ಮತ್ತೆ ಆನ್ ಮಾಡಿ, ನೆಟ್‌ವರ್ಕ್ ‘ಪ್ರೈವೇಟ್’ ಇದೆಯಾ ನೋಡಿ. ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ತೆರೆದು ಎಸ್‌ಎಂಬಿ 1.0 ಮುಂದಿನ ಟಿಕ್ ತೆಗೆಯಿರಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಹಂಚುವ ಯಂತ್ರದಲ್ಲಿ ಒಬ್ಬೊಬ್ಬರಿಗೂ ಅವರವರ ಅಕೌಂಟ್ ಮಾಡಿ, ಪಾಸ್‌ವರ್ಡ್ ಕೇಳುವ ಆಯ್ಕೆಯನ್ನು ವಾಪಸ್ ಹಾಕಿ. ಆಮೇಲೆ ಫೋಲ್ಡರ್‌ನಿಂದ ಎವೆರಿವನ್ ತೆಗೆದು, ಬೇಕಾದವರ ಹೆಸರು ಮಾತ್ರ ಸೇರಿಸಿ. ಹೆಸರು ಸೇರಿಸುವ ಮುಂಚೆ ಒಂದು ಡಿಸ್ಕ್‌ಗೆ ಎಲ್ಲದರ ಕಾಪಿ ತೆಗೆದಿಡಿ. ಒಂದು ಮಧ್ಯಾಹ್ನದ ಕೆಲಸ, ನಾವು ಮಾಡಿದಾಗ ಊಟ ಆದ ಮೇಲೆ ಶುರು ಮಾಡಿ ಸಂಜೆ ಐದಕ್ಕೆ ಮುಗಿಸಿದೆವು.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಿ